ಅತ್ತೆ ಹಚ್ಚದ ಅಕ್ಷರ

ವಿಶ್ವವಿದ್ಯಾಲಯ ನನ್ನನ್ನು ಬಿ.ಎ. ಪರೀಕ್ಷೆಯಲ್ಲಿ ಪಾಸು ಮಾಡಿದೆ. ಅದಕ್ಕೆ ಕಾಗದದ ಆಧಾರವಿದೆ. ಟ್ರಂಕಿನ ತಳದಲ್ಲಿ ಒಣ ಬೇವಿನೆಲೆಯ ಜೊತೆ ಇಟ್ಟಿದ್ದೇನೆ. ಆದರೆ ನಮ್ಮ ಅತ್ತೆಯ ಪರೀಕ್ಷೆಯಲ್ಲಿ ನಾನು ಇಂದಿಗೂ ನಪಾಸು! ನನಗೆ ಕನ್ನಡ ಬರುವುದಿಲ್ಲವೆಂದು ಇಡೀ ಬನಹಟ್ಟಿಯಲ್ಲಿ ದೃಢವಾಗಿ ನಂಬಿರುವ ಒಬ್ಬಳೇ ಒಬ್ಬಳು ಆಕೆ. ಬಿ.ಎ.ಗೆ ನಾನು ಆರಿಸಿಕೊಂಡ ವಿಷಯವೇ ಕನ್ನಡ ಎಂಬುದನ್ನು ಆಕೆಗೆ ಈವರೆಗೆ ತಿಳಿಸಿಲ್ಲ. ತಿಳಿಸಿದರೆ ನನ್ನನ್ನು ಬಿಟ್ಟು ವಿಶ್ವವಿದ್ಯಾಲಯವನ್ನೇ ನಪಾಸು ಮಾಡಿಯಾಳು.

ಅತ್ತೆಯೆಂದರೆ ನನ್ನ ತಂದೆಯ ಅಕ್ಕ. ನಾನು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಓದಿದ್ದು ಎರಡನೆಯ ಇಯತ್ತೆ. ಮನೆಯಲ್ಲಿ ಎರಡು ಕೈಮಗ್ಗ. ಒಂದು ಸೀರೆಯ ಹಾಸು, ಎಂದರೆ ಮಗ್ಗದ ಉದ್ದೆಳೆಗಳು, ಮುಗಿದಾಗ ಅದರ ಉಳಿದ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ! ಬೆರಳಿಗೆ ಬೂದಿ ಹಚ್ಚಿಕೊಂಡು ಅತ್ತೆ ಅದನ್ನು ಕಣ್ಣೆತ್ತದೆ ಮಾಡುತ್ತಿದ್ದಳು. ಕೈಗೆ ಕೆಲಸವಿದೆ, ಕಣ್ಣಿಗೆ ಕೆಲಸವಿದೆ. ಬಾಯಿ ಏನು ಮಾಡಬೇಕು? ಆದ್ದರಿಂದ ಬಾಯಿಗೂ ಅದೇ ಕೆಲಸ ಕೊಟ್ಟಿದ್ದಳು. ಒಂದು ಶಬ್ದ ಹೇಳುವುದು, ಎದುರಿಗೆ ಸಿಕ್ಕವರು ಅದಕ್ಕೊಂದು ಅಕ್ಷರ ಹಚ್ಚಿ ಬೇರೆ ಶಬ್ದ ಮಾಡುವುದು.

‘ಕಸ ಐತಿ. ನಡುವ ಒಂದಕ್ಷರ ಹಚ್ಚು. ದೇವರ ಮನಿ ತುದೀಗೆ ಏರಬೇಕು.’

ನಾನು ಹಚ್ಚಿದ ಮೊದಲ ಅಕ್ಷರ ಅದೇ. ‘ಕಳಸ!’ ಎಂದು ಕೂಗಿದಾಗ ನನಗೆ ಆರು ವರ್ಷ. ಇನ್ನು ಎಲ್ಲವೂ ಹೀಗೇ ಸುಲಭ ಎಂದುಕೊಂಡೆ. ಪಾಪ!

ಸೋತವರಿಗೆ ಶಿಕ್ಷೆಯಿತ್ತು. ಉತ್ತರ ಹೊಳೆಯುವವರೆಗೆ ಅತ್ತೆಯ ಪಕ್ಕದಲ್ಲಿ ಕುಳಿತು ಹೊಸ ಹಾಸಿನಿಂದ ಒಂದೊಂದೇ ಎಳೆ ಬಿಡಿಸಿ ಕೈಗೆ ಕೊಡಬೇಕು. ಈ ಶಿಕ್ಷೆಗೆ ವಯಸ್ಸು, ಜಾತಿ, ವೃತ್ತಿಗಳ ಭೇದವಿರಲಿಲ್ಲ. ಒಮ್ಮೆ ಮಹಾಲಿಂಗಪುರದ ಬಳೆಗಾರ ಅವ್ವನಿಗೆ ಬಳೆ ತೊಡಿಸಲು ಬಂದ. ಬಂದ ತಪ್ಪಿಗೆ ಸಿಕ್ಕಿಬಿದ್ದ.

‘ಕಾಲು ಐತಿ. ನಡುವ ಒಂದಕ್ಷರ ಹಚ್ಚಿದರ ಅಡ್ಡಾಡೋ ಕಾಲು ನಿಂತಲ್ಲೇ ನಿಂತಬಿಡತಾವು. ಹೇಳಪಾ.’

‘ಯಕ್ಕಾರ, ನನ್ನ ಬಸ್ಸು ಐತ್ರಿ!’

‘ಬಸ್ಸಿಗೆ ಅಕ್ಷರ ಹಚ್ಚಂತ ಹೇಳಿಲ್ಲ.’

ಆತ ಎಳೆ ಬಿಡಿಸುತ್ತ ಕುಳಿತ. ಬಸ್ಸು ಹೋಯಿತು, ಇನ್ನೊಂದು ಬಸ್ಸೂ ಹೋಯಿತು. ಸಂಜೆಯ ಹೊತ್ತಿಗೆ ತನ್ನ ಬಳೆಯ ಮಲಾರವನ್ನು ಯಾರಾದರೂ ಮುಟ್ಟಿಯಾರೆಂದು ಅವ್ವನಿಗೆ, ‘ತಂಗೀ, ಅದಕ್ಕೊಂದೀಟು ಕಾವಲು ಇರ್ರಿ’ ಎಂದ. ಎಂದವನೇ ‘ಕಾವಲು! ಕಾವಲು!’ ಎಂದು ಎದ್ದು ಕುಣಿದ. ಅಂದಿನಿಂದ ಅವನು ಬಳೆಯನ್ನು ನಮ್ಮ ಪಕ್ಕದ ಮನೆಯಲ್ಲಿ ಕುಳಿತು, ಅವ್ವನನ್ನು ಅಲ್ಲಿಗೇ ಕರೆಸಿ ತೊಡಿಸುತ್ತಿದ್ದ.

ನಾನು ಎಲ್ಲಿಗೆ ಹೋಗಲಿ? ನನ್ನ ರಜೆಗಳೆಲ್ಲ ಎಳೆ ಬಿಡಿಸುವುದರಲ್ಲೇ ಕಳೆದವು. ಇಂಟರ್ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾಗಿ ಮನೆಗೆ ಬಂದು ಮೂಲೆಯಲ್ಲಿ ಅಳುತ್ತಿದ್ದಾಗಲೂ ಅತ್ತೆ ಬಿಡಲಿಲ್ಲ. ‘ಅಳು ಐತಲ್ಲ, ಛಲೋ ಆತು. ಅದರ ನಡುವ ಒಂದಕ್ಷರ ಹಚ್ಚು.’ ಎಂಥ ಕಲ್ಲೆದೆ! ನಾನು ಸಿಟ್ಟಿನಿಂದ ಇನ್ನಷ್ಟು ಬಿಕ್ಕಿದೆ. ಆದರೆ ತಲೆಯೊಳಗೆ ಅಕ್ಷರಗಳು ತಾವಾಗಿಯೇ ಓಡತೊಡಗಿದವು. ‘ಅರಳು’ ಸಿಗುವ ಹೊತ್ತಿಗೆ ಅಳು ನಿಂತಿತ್ತು. ನಾನು ಎಳೆ ಬಿಡಿಸುತ್ತಿದ್ದೆ.

ಮುಂದೆ ಧಾರವಾಡದಲ್ಲಿ ಬಿ.ಎ. ತರಗತಿ ಸೇರಿದ ಮೇಲೆ ಈ ಸೋಲು ಸಾಕೆನಿಸಿತು. ದೀಪಾವಳಿಗೆ ಬಂದಾಗ ನಾನೇ ಸವಾಲು ಹಾಕಿದೆ. ‘ಅತ್ತಿ, ಹಾರ ಐತಿ. ಮುಂದೊಂದು ಅಕ್ಷರ ಹಚ್ಚು.’ ಆಕೆ ಬಾಯಿ ತೆರೆಯುವ ಮೊದಲೇ ಆಹಾರ, ವಿಹಾರ, ಪ್ರಹಾರ, ಸಂಹಾರ ಎಂದು ಸಂಸ್ಕೃತದ ಅಂಗಡಿಯನ್ನೇ ತೆರೆದಿಟ್ಟೆ. ಅತ್ತೆ ಎಳೆ ಹೊಸೆಯುತ್ತಲೇ ಎಲ್ಲವನ್ನೂ ಕೇಳಿದಳು.

‘ಹೊಟ್ಟಿಗೆ ಮೊದಲನೇದು ಸಾಕು. ಉಳದವು ನಿನ್ನ ಮಾಸ್ತರಗೆ ಒಯ್ದು ಕೊಡು. ಈಗ ನಂದು ಕೇಳು. ನಮ್ಮ ಮಂದಿ ಮಾತಿಗೊಮ್ಮೆ ರಿ ಅಂತೈತಿ. ಆ ರಿ ಮುಂದ ಒಂದಕ್ಷರ ಹಚ್ಚು. ಎಷ್ಟು ಬರ್ತಾವ ನೋಡೂನು.’

‘ಕುರಿ, ಮರಿ, ನರಿ, ಸರಿ, ಉರಿ, ಗುರಿ.’

‘ಐದಾತು.’

‘ಆರು, ಅತ್ತಿ.’

‘ಐದ.’

‘ಗುರಿ?’

‘ಅದು ನಡ್ಯಾಂಗಿಲ್ಲ.’

‘ಯಾಕ ನಡ್ಯಾಂಗಿಲ್ಲ? ನಿಘಂಟಿನ್ಯಾಗ ಐತಿ!’

‘ಹಂಗಾರ ನಿಘಂಟಿನ ಮನಿಗೆ ಹೋಗಿ ಆಡು. ಇದು ನನ್ನ ಮನಿ.’

ಅಂದು ದೀಪ ಹಚ್ಚುವವರೆಗೆ ಎಳೆ ಬಿಡಿಸಿದೆ. ಆದರೆ ವಿದ್ಯಾವಂತೆಯ ಸೇಡು ಬೇರೆ ತರಹದ್ದು. ಧಾರವಾಡಕ್ಕೆ ಮರಳಿ, ಶಾಲೆ ಕಲಿಯದವರ ಮಾತಿನಾಟಗಳಲ್ಲಿ ನಿಯಮವಿರುವುದಿಲ್ಲ ಎಂದು ಸಾಧಿಸುವ ಪ್ರಬಂಧವೊಂದನ್ನು ಬರೆದೆ. ಗುರುಗಳು ಅಂಚಿನಲ್ಲಿ ‘ಸೂಕ್ಷ್ಮ ಅವಲೋಕನ’ ಎಂದು ಬರೆದುಕೊಟ್ಟರು. ಈ ಎರಡು ಶಬ್ದಗಳನ್ನು ದಯವಿಟ್ಟು ನೆನಪಿಡಿ. ಮುಂದೆ ನನ್ನನ್ನು ನೋಡಿ ನಗಲು ಬೇಕಾಗುತ್ತವೆ.

ಏಕೆಂದರೆ ನನ್ನ ಸೂಕ್ಷ್ಮ ಅವಲೋಕನಕ್ಕೆ ಅತ್ತೆಯ ಮರೆವೂ ಸಿಕ್ಕಿತ್ತು. ಗುಬ್ಬಿಯ ಹೆಸರು ಆಕೆಗೆ ನೆನಪಿರುತ್ತಿರಲಿಲ್ಲ; ‘ಚಿಂವಕ್ಕ’ ಎನ್ನುತ್ತಿದ್ದಳು. ಗುಳಿಗೆ ‘ಬಿಳೀ ಬಿಲ್ಲಿ’. ಜಮಖಂಡಿಯ ಗುಡ್ಡ ‘ಕಲ್ಲಿನ ಏರು’. ಗುರುವಾರವಂತೂ ಯಾವಾಗಲೂ ‘ಬುಧವಾರದ ಮರುದಿನ’! ‘ಅತ್ತಿ, ಅದಕ್ಕ ಗುರುವಾರ ಅಂತಾರ’ ಎಂದು ನಾನು ಮಕ್ಕಳಿಗೆ ಹೇಳುವಂತೆ ಹೇಳುತ್ತಿದ್ದೆ. ‘ಅನ್ನಾವರು ಅನ್ನಲಿ’ ಎಂದು ಆಕೆ ಎಳೆ ಹೊಸೆಯುತ್ತಿದ್ದಳು.

ಮನೆಗೆ ಬಂದ ಕಾಗದಗಳನ್ನು ಓದುವವಳು ಅತ್ತೆ. ಮನಸ್ಸಿನಲ್ಲೇ ಓದಿಕೊಳ್ಳುವುದು ಆಕೆಗೆ ಬಾರದು. ಎರಡನೆಯ ಇಯತ್ತೆಯಲ್ಲಿ ಕಲಿಸಿದಂತೆ ಓಣಿಗೆಲ್ಲ ಕೇಳುವ ಹಾಗೆ ಓದಬೇಕು. ಒಮ್ಮೆ ನಾನು ‘ಮುಂದಿನ ಗುರುವಾರ ಬರುತ್ತೇನೆ’ ಎಂದು ಕಾರ್ಡು ಬರೆದೆ. ಗುರುವಾರ ಬಂದು ಬಸ್ಸಿಳಿದರೆ ನಿಲ್ದಾಣದಲ್ಲಿ ಯಾರೂ ಇಲ್ಲ! ಟ್ರಂಕನ್ನು ಎಳೆದುಕೊಂಡು, ಬೆವರಿ, ಮನೆ ತಲುಪಿದೆ. ಅವ್ವ ಗಾಬರಿಯಾದಳು. ‘ಮುಂದಿನ ವಾರ ಬರ್ತೇನಿ ಅಂತ ಬರದಿದ್ದೆಲ್ಲ ಬೇ? ಅತ್ತಿ ಓದಿ ಹೇಳಿದಳು!’

ನಾನು ಅತ್ತೆಯ ಕಡೆಗೆ ನೋಡಿದೆ. ಅತ್ತೆ ಎಳೆಗಳ ಕಡೆಗೆ ನೋಡಿದಳು. ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದು ಮರುಗಿದ ನಾನು ಮುಂದಿನ ಸಲ ಧಾರವಾಡದಿಂದ ಆಕೆಗೊಂದು ಕನ್ನಡಕ ತಂದೆ. ಅತ್ತೆ ಸಂತೋಷದಿಂದ ಹಾಕಿಕೊಂಡಳು. ಕನ್ನಡಕ ಹಾಕಿಕೊಂಡೇ ಗುರುವಾರವನ್ನು ದಾಟಿದಳು.

ಬಿ.ಎ. ಮುಗಿಯಿತು. ಜಮಖಂಡಿಯ ಶಾಲಾ ಮಾಸ್ತರರೊಬ್ಬರೊಡನೆ ನನ್ನ ಮದುವೆ ಗೊತ್ತಾಯಿತು. ಅವರ ಹೆಸರು ‘ಗು’ ಅಕ್ಷರದಿಂದ ಆರಂಭವಾಗುತ್ತದೆ. ಸದ್ಯಕ್ಕೆ ಇಷ್ಟು ಸಾಕು.

ಆ ದಿನಗಳಲ್ಲಿ ನಾನು ಊಟದ ಹೊತ್ತಿನಲ್ಲಿ ಒಂದು ಭಾಷಣ ಮಾಡಿದೆ. ಹೆಂಡತಿ ಗಂಡನ ಹೆಸರು ಹೇಳಬಾರದೆಂಬುದು ಮೂಢನಂಬಿಕೆ, ಸಂಸ್ಥಾನಗಳೇ ಹೋಗಿ ಮುಂಬಯಿ ರಾಜ್ಯ ಬಂದರೂ ಇದು ಹೋಗಲಿಲ್ಲವಲ್ಲ, ನಾನಂತೂ ಹೆಸರು ಹಿಡಿದೇ ಕರೆಯುವವಳು ಎಂದೆ. ‘ಅವರ ಆಯುಷ್ಯ ಕಡಿಮಿ ಆಕ್ಕೈತಿ, ಬಾಯಿ ಮುಚ್ಚು’ ಎಂದಳು ಅವ್ವ. ಅತ್ತೆ ಮಾತ್ರ ಶಾಂತವಾಗಿ ಕೇಳಿದಳು.

‘ಹೊಸ್ತಿಲದಾಗ ನಿಂತು ಅಂತೀಯೇನ?’

‘ಅಂತೇನಿ.’

‘ಐವತ್ತು ಹೆಣಮಕ್ಕಳ ಮುಂದ?’

ನಾನು ಇನ್ನೊಂದು ರೊಟ್ಟಿ ಬಡಿಸಿಕೊಂಡೆ. ಕಾಲೇಜಿನಲ್ಲಿ ಹಾಜರಿ ಕರೆದಾಗ ‘ಹಾಜರ್’ ಎನ್ನಲು ಧೈರ್ಯ ಸಾಲದೆ ತಿಂಗಳುಗಟ್ಟಲೆ ಗೈರುಹಾಜರಿ ಬರೆಸಿಕೊಂಡವಳು ನಾನು. ನಮ್ಮ ಕಡೆ ಹೊಸ ಸೊಸೆಯನ್ನು ಗಂಡನ ಮನೆಯ ಹೊಸ್ತಿಲಲ್ಲಿ ಹೆಂಗಸರು ತಡೆಯುತ್ತಾರೆ. ಗಂಡನ ಹೆಸರನ್ನು ಒಂದು ಒಡಪಿನ ಸಾಲುಗಳಲ್ಲಿ ಕಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಜೀವಮಾನದಲ್ಲಿ ಹೆಸರು ಹೇಳಲು ಅಪ್ಪಣೆಯಿರುವ ಗಳಿಗೆ ಅದು.

ಒಡಪನ್ನು ಅತ್ತೆಯೇ ಕಟ್ಟಿಕೊಟ್ಟಳು. ಆಕೆ ಬೇರೆ ಹೇಗೆ ಕಟ್ಟಿಯಾಳು!

‘ಕಸಕ್ಕ ಅಕ್ಷರ ಹಚ್ಚಿ ಕಳಸ ಮಾಡೇನಿ, ಅಳುವಿಗೆ ಅಕ್ಷರ ಹಚ್ಚಿ ಅರಳಿಸೇನಿ...’

ಮೂರನೆಯ ಸಾಲಿನಲ್ಲಿ ಅವರ ಹೆಸರು, ಆಮೇಲೆ ‘ಅವರ ಹೆಸರು ಹಚ್ಚಿ ಹೊಸ್ತಿಲ ದಾಟೇನಿ’. ಬಾಯಿಪಾಠ ಮಾಡಿಸುವಾಗ ಹೆಸರು ಬಂದ ಕೂಡಲೇ ಅತ್ತೆ ‘ಹ್ಞೂಂ’ ಎಂದು ತಡೆದು, ಮೊದಲ ಅಕ್ಷರ ಬಿಟ್ಟು, ಬಾಲವನ್ನಷ್ಟೇ ಹೇಳುತ್ತಿದ್ದಳು.

‘ತಲೀನ ಇಲ್ಲಲ್ಲ ಅತ್ತಿ!’

‘ಅದನ್ನ ನೀ ಹಚ್ಕೋ.’

ಇದೂ ಒಂದು ಪರೀಕ್ಷೆಯೆಂದು ಬೇಸತ್ತು ಅವ್ವನ ಹತ್ತಿರ ದೂರಿದೆ. ಅವ್ವ ಹಪ್ಪಳ ಒಣಹಾಕುತ್ತಿದ್ದಳು.

‘ಆಕಿ ಹ್ಯಾಂಗ ಅಂದಾಳ ಬೇ? ಆಕಿ ಗಂಡ, ನಿನ್ನ ಮಾವನ ಹೆಸರೂ ಅದ ಅಕ್ಷರದಿಂದ ಸುರು. ಅವರು ತೀರಿ ಇಪ್ಪತ್ತೈದು ವರ್ಷ ಆತು. ಆ ಗು ಆಕಿ ಬಾಯಾಗ ಒಮ್ಮೆನೂ ಬಂದಿಲ್ಲ.’

‘ಸತ್ತವರ ಆಯುಷ್ಯ ಇನ್ನೇನು ಕಡಿಮಿ ಆಗೂದೈತಿ ಅವ್ವಾ?’ ಎಂದೆ, ಬಿ.ಎ. ಬುದ್ಧಿಯಿಂದ.

‘ಅವರದು ಮುಗದೈತಿ. ಆಕೀದು ಮುಗದಿಲ್ಲ’ ಎಂದು ಅವ್ವ ಹಪ್ಪಳ ತಿರುವಿದಳು.

ನಾನು ಅಲ್ಲೇ ಕುಳಿತುಬಿಟ್ಟೆ. ಚಿಂವಕ್ಕ. ಬಿಳೀ ಬಿಲ್ಲಿ. ಕಲ್ಲಿನ ಏರು. ಆರರಲ್ಲಿ ಐದೇ ಸರಿಯಾದದ್ದು. ನಿಯಮವಿಲ್ಲವೆಂದು ನಾನು ಪ್ರಬಂಧ ಬರೆದ ಆಟದಲ್ಲಿ ಒಂದು ನಿಯಮ ಕಾಲು ಶತಮಾನದಿಂದ ಒಂದು ದಿನವೂ ತಪ್ಪಿರಲಿಲ್ಲ! ಹದಿನಾರು ವರ್ಷ ಆಕೆಯ ಮಗ್ಗುಲಲ್ಲಿ ಕುಳಿತು ಎಳೆ ಬಿಡಿಸಿದ ನನಗೆ ಒಂದು ಅಕ್ಷರ ಇಲ್ಲದ್ದು ಕಾಣಲಿಲ್ಲ. ಸೂಕ್ಷ್ಮ ಅವಲೋಕನ! ಕನ್ನಡಕ ಬೇಕಾಗಿದ್ದದ್ದು ನನಗೆ.

ಮದುವೆಯಾಗಿ ಜಮಖಂಡಿಗೆ ಹೋದೆವು. ವಿಧವೆಯೆಂದು ಅತ್ತೆ ಯಾವ ಶುಭಕಾರ್ಯದಲ್ಲೂ ಮುಂದೆ ಬರುವವಳಲ್ಲ. ‘ನಿನ್ನ ಟ್ರಂಕ ಕಾಯಾಕ ಒಬ್ಬರು ಬೇಕಲ್ಲ’ ಎಂದು ಜೊತೆಗೆ ಬಂದವಳು, ಅವರ ಮನೆಯ ಅಂಗಳದ ತುದಿಯಲ್ಲಿ ಟ್ರಂಕಿನ ಮೇಲೆಯೇ ಕುಳಿತಳು.

ಹೊಸ್ತಿಲಲ್ಲಿ ಹೆಂಗಸರ ಗೋಡೆ. ‘ಹೇಳವಾ, ಹೇಳು! ಕಾಲೇಜ ಕಲತಾಕಿ ಹೆಂಗ ಹೇಳತಾಳ ಕೇಳೂನು!’

ಕಸವನ್ನು ಕಳಸ ಮಾಡಿದೆ. ಅಳುವನ್ನು ಅರಳಿಸಿದೆ. ಹೆಸರಿಗೆ ಬಂದು ನಿಂತೆ. ಹೆಸರು ಹಿಡಿದೇ ಕರೆಯುವೆನೆಂದಿದ್ದ ವೀರಾಂಗನೆ ಸೆರಗಿನ ತುದಿ ತಿರುವತೊಡಗಿದಳು. ಅಂಜಿಕೆ ಅರ್ಧ. ಇನ್ನರ್ಧ, ಹಿಂದೆ ಟ್ರಂಕಿನ ಮೇಲೆ ಕುಳಿತವಳಿಗೆ ಕೇಳುವಂತೆ ಆ ಅಕ್ಷರವನ್ನು ಹೇಗೆ ಕೂಗಲಿ?

‘ಮೂಗಿ ಸೊಸೀನ್ನ ತಂದ್ರೇನ್ರೀ?’ ಎಂದು ಒಬ್ಬಳು ನಕ್ಕಳು. ಎಲ್ಲರೂ ನಕ್ಕರು. ಆರತಿಯ ತಟ್ಟೆ ಹಿಡಿದ ಹಿರಿಯ ಹೆಂಗಸೊಬ್ಬಳು ಮಾತ್ರ ನಗದೆ, ‘ಹೆಸರು ಅನ್ನಾಕ ಒಲ್ಲೆ ಅಂತಾಳಂದ್ರ, ಮದಿವೀನ ಒಲ್ಲದ ಆಗೇತೇನ?’ ಎಂದಳು. ನಗೆ ನಿಂತಿತು. ಪಕ್ಕದಲ್ಲಿದ್ದ ಅವರ ಮುಖ ಕೆಂಪಾದದ್ದು ನನಗೆ ನೋಡದೆಯೇ ತಿಳಿಯಿತು.

ಆಗ ಹಿಂದಿನಿಂದ ಕೇಳಿಸಿತು.

‘ಗು.’

ಅಂಗಳದ ತುದಿಯಿಂದ, ಓಣಿಗೆಲ್ಲ ಕೇಳುವ ಹಾಗೆ, ಎರಡನೆಯ ಇಯತ್ತೆಯ ದನಿಯಲ್ಲಿ. ಕೊನೆಗೆ ಸ್ವಲ್ಪ ನಡುಗಿತು. ಆಮೇಲೆ ಮೆಲ್ಲಗೆ, ‘ಹಚ್ಚು, ಮಗಳ.’

ನಾನು ಹಚ್ಚಿದೆ. ಉಳಿದ ಹೆಸರು ಒಂದೇ ಉಸಿರಿಗೆ ಹೊರಬಂತು. ಹೆಂಗಸರು ಹೋ ಎಂದು ದಾರಿ ಬಿಟ್ಟರು. ಹೊಸ್ತಿಲು ದಾಟುವಾಗ ತಿರುಗಿ ನೋಡಿದೆ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. ಬಹಳ ಹೊತ್ತು ಒರೆಸಿದಳು.

ಸಂಜೆ ಕಾಲು ಮುಟ್ಟಲು ಹೋದಾಗ ಕೇಳಿದೆ. ‘ಅಂದುಬಿಟ್ಟೆಲ್ಲ, ಅತ್ತಿ.’

‘ನಾ ಎಲ್ಲಿ ಹೆಸರು ಅಂದೆ? ಒಂದ ಅಕ್ಷರ ಅಂದೇನಿ. ಹೆಸರು ಮಾಡಿದಾಕಿ ನೀನು.’

‘ಹಂಗಾರ ನಾ ಪಾಸೇನ?’

‘ಹೇಳಿಕೊಟ್ಟ ಮ್ಯಾಲೆ ಎಂಥಾ ಪಾಸು? ನಪಾಸು.’

ಆ ಅಕ್ಷರವನ್ನು ಆಕೆ ಮತ್ತೆ ಆಡಿದ್ದನ್ನು ನಾನು ಕೇಳಿಲ್ಲ. ನಾನೂ ನನ್ನ ಗಂಡನ ಹೆಸರನ್ನು ಆಮೇಲೆ ಎಷ್ಟು ಸಲ ಹೇಳಿದ್ದೇನೆಂದು ದಯವಿಟ್ಟು ಕೇಳಬೇಡಿ. ಇಷ್ಟು ಉದ್ದ ಬರೆದೂ ಇಲ್ಲಿ ಅದನ್ನು ಬರೆದಿಲ್ಲವೆಂಬುದನ್ನು ನೀವು ಗಮನಿಸಿಯೇ ಇರುತ್ತೀರಿ.

ಮಾಸ್ತರರು ಮಾತ್ರ ನಾನು ತವರಿಗೆ ಬರೆಯುವ ಕಾರ್ಡುಗಳನ್ನು ಕಂಡು ಬೆರಗಾಗುತ್ತಾರೆ. ‘ಬಿ.ಎ. ಆದಾಕಿ ವಾರದ ಹೆಸರು ಮರತೀಯೇನ?’ ಎನ್ನುತ್ತಾರೆ. ನಾನು ಮರೆತಿಲ್ಲ. ಕಾರ್ಡನ್ನು ಗಟ್ಟಿಯಾಗಿ ಓದುವವಳು ಅಲ್ಲಿ ಕುಳಿತಿದ್ದಾಳೆ. ನಡುವೆ ಆಕೆ ತಡೆಯುವಂತಾಗಬಾರದು. ‘ಬುಧವಾರದ ಮರುದಿನ ಬರುತ್ತೇನೆ’ ಎಂದು ಬರೆಯುತ್ತೇನೆ. ಬನಹಟ್ಟಿಯಲ್ಲಿ ಬಸ್ಸಿನಿಂದ ಇಳಿದರೆ ಅತ್ತೆ ಕೊಡೆ ಹಿಡಿದು ನಿಂತಿರುತ್ತಾಳೆ, ಒಂದು ಸಲವೂ ದಿನ ತಪ್ಪದೆ.