ಬೋರಿನ ಓಣಿಯ ತಿದ್ದುಪಡಿಗಳು

ಮಸ್ಕಿಯ ಆ ಓಣಿಗೆಲ್ಲ ಒಂದೇ ಬೋರು. ಅದರ ಸ್ವಿಚ್ ಡಬ್ಬಿಯ ಚಾವಿ ದನದ ಗಂಟೆಯಂತೆ ಗಂಗಾಧರನ ಕೊರಳಲ್ಲೇ ನೇತಾಡುತ್ತಿತ್ತು. ಕರೆಂಟು ಯಾವ ಹೊತ್ತಿಗೆ ಬಂದರೂ ಓಡಿಹೋಗಿ ಮೋಟಾರು ಹಾಕುವವನು ಅವನೇ. ಓದಿಯೂ ಕೆಲಸವಿಲ್ಲದವನಿಗೆ ಓಣಿ ಕೊಟ್ಟ ಗೌರವ ಅದು.

ಈಗ ಲಿಂಗಸುಗೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುವ ಕೆಲಸ ಸಿಕ್ಕಿತ್ತು. ಸೋಮವಾರ ಮೊದಲ ಬಸ್ಸಿಗೆ ಹೋಗಿ ಹಾಜರಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಭಾನುವಾರ ಮುಗಿಯುವುದರೊಳಗೆ ಚಾವಿ ಕೊರಳಿನಿಂದ ಇಳಿಯಬೇಕಿತ್ತು.

ಗಂಗಾಧರ ಮಾತು ಕಡಿಮೆಯವನು. ಭಾನುವಾರ ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಬೋರಿನ ಪಕ್ಕದ ಗೋಡೆಯ ಮೇಲೆ ಬರೆದ: 'ಎಲ್ಲ ಮನೆಗಳೂ ಸಮಾನ. ಚಾವಿ ವಾರಕ್ಕೊಂದು ಮನೆಗೆ ಹೋಗತಕ್ಕದ್ದು.' ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸಂವಿಧಾನವೆಂದರೆ ಅವನಿಗೆ ನಕ್ಷತ್ರ ತುಂಬಿದ ಆಕಾಶದಷ್ಟು ಬೆರಗು. ಕೈ ತಾನಾಗಿ ಮುಂದುವರಿದು, 'ಕಾಲಕ್ಕೆ ತಕ್ಕಂತೆ ತಿದ್ದಬಹುದು' ಎಂದೂ ಬರೆಯಿತು.

"ಬರದದ್ದನ್ನ ತಿದ್ದಾಕ ಬರತೈತೇನ್ರಿ ಸರ?" ಷೇರ್ ಆಟೊ ಓಡಿಸುವ ಹುಸೇನಪ್ಪ ಕೇಳಿದ.

"ದೇಶದ ಸಂವಿಧಾನಾನ ನೂರಕ್ಕಿಂತ ಹೆಚ್ಚು ಸಲ ತಿದ್ದ್ಯಾರ, ಹುಸೇನಪ್ಪಣ್ಣ. ಜಾರಿಗೆ ಬಂದ ಮರುವರ್ಷಾನ ಮೊದಲನೇದು. ಹಿಂದುಳಿದವರಿಗೆ ವಿಶೇಷ ಸವಲತ್ತು ಕೊಡಾಕ ಅದರಾಗ ದಾರಿ ಮಾಡಿದ್ರು. ಇಷ್ಟು ತಿದ್ದಿಸಿಕೊಂಡೂ ಅದು ನಿಂತೈತಿ ನೋಡು."

ಕಟ್ಟೆಯ ಮೇಲಿದ್ದ ಮುದುಕಮ್ಮ ಕೆಮ್ಮಿದಳು. "ಹಂಗಾರ ನನ್ನ ಮಣಕಾಲಿಗೂ ಒಂದು ಸವಲತ್ತು ಬರಿಯಪಾ. ಕತ್ತಲದಾಗ ಎದ್ದು ಬರಾಕ ಆಗಂಗಿಲ್ಲ."

ನ್ಯಾಯವೇ ಅನಿಸಿತು. ಅವಳ ಮನೆಗೆ ಪಾಳಿ ಇಲ್ಲವೆಂದು ಬರೆದ.

ಹೊಲಿಗೆಯ ಪಂಪಾವತಿ ಮಿಷನ್ ಬಿಟ್ಟು ಎದ್ದು ಬಂದಳು. "ಹೆಣ್ಮಕ್ಕಳಿಗೆ ಏನೂ ತಿದ್ದಿಲ್ಲೇನ್ರಿ ಅದರಾಗ?"

"ಎಪ್ಪತ್ಮೂರನೇ ತಿದ್ದುಪಡಿ ಐತಲ್ಲಕ್ಕ. ಪಂಚಾಯ್ತ್ಯಾಗ ಮೂರರಾಗ ಒಂದು ಸೀಟು ಹೆಣ್ಮಕ್ಕಳಿಗೆ."

"ನನಗ ಸೀಟು ಬ್ಯಾಡ. ನಮ್ಮ ಮನಿ ಪಾಳಿ ಬಂದಾಗ ಗಂಡಸರಷ್ಟ ಮೋಟಾರು ಹಾಕಲಿ ಅಂತ ಬರೀರಿ. ನಮ್ಮ ಯಜಮಾನ್ರು ಸಿಂಧನೂರಾಗ ಅದಾರ, ತಿಂಗಳಿಗೊಮ್ಮೆ ಬರ್ತಾರ."

ಕೆಲಸಕ್ಕೆ ಊರೂರು ತಿರುಗುವ ಅಮೀನ್‌ಸಾಬ್ ಮತದಾನದ ವಯಸ್ಸು ವಿಚಾರಿಸಿದ. ಮೊದಲು ಇಪ್ಪತ್ತೊಂದಿತ್ತು, ಅರವತ್ತೊಂದನೇ ತಿದ್ದುಪಡಿಯಲ್ಲಿ ಹದಿನೆಂಟಾಯಿತೆಂದು ಗಂಗಾಧರ ಕಣ್ಣರಳಿಸಿ ಹೇಳಿದ. "ಚಾವಿಗೆ ಆ ಹಳೇ ಇಪ್ಪತ್ತೊಂದ ಇರ್ಲಿ ಸರ," ಎಂದ ಅಮೀನ್‌ಸಾಬ್. "ನಾ ಊರಾಗಿರಂಗಿಲ್ಲ, ಮಗಗ ಹತ್ತೊಂಬತ್ತು."

ಕೊನೆಗೆ ಹುಸೇನಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಭಾಗ ಹಿಂದುಳಿದೈತಿ ಅಂತ 371ಜೆ ತಂದ್ರಲ್ರಿ? ಓಣ್ಯಾಗ ನಮ್ಮ ಮನಿ ಕಟ್ಟಕಡೀಗೆ ಐತಿ. ನೀರು ಬರೂದೂ ಕಡೀಗೆ. ನಮಗೂ ವಿಶೇಷ ಸ್ಥಾನಮಾನ ಬೇಕ್ರಿ."

ಹೀಗೆ ಪ್ರತಿಯೊಬ್ಬರೂ ಕೇಳಿದರು, ಉಳಿದವರೆಲ್ಲ ಒಪ್ಪಿ ಕೈ ಎತ್ತಿದರು. ಸಂಜೆಗೆ ಗೋಡೆ ಬೆಳ್ಳಗಾಗಿತ್ತು. ಸರದಿಯಲ್ಲಿ ಒಂದೇ ಮನೆ ಉಳಿದಿತ್ತು, ಗಂಗಾಧರನದು.

ಅವನು ಗೋಡೆಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದ. ಮುಳುಗುವವನಿಗೆ ಹಗ್ಗ ಸಿಕ್ಕಂತೆ ಒಂದು ವಿಷಯ ನೆನಪಾಯಿತು.

"ಬೇಕಾದ್ದೆಲ್ಲ ತಿದ್ದಾಕ ಬರಂಗಿಲ್ಲ. 1973ರಾಗ ಸುಪ್ರೀಂ ಕೋರ್ಟು ಹೇಳೈತಿ, ಸಂವಿಧಾನಕ್ಕ ಒಂದು ಮೂಲ ರಚನೆ ಅಂತ ಐತಿ. ಅದನ್ನ ಸಂಸತ್ತೂ ಮುಟ್ಟಂಗಿಲ್ಲ."

"ಎಲ್ಲಾರೂ ಕೈ ಎತ್ತಿದ್ರೂ?" ಪಂಪಾವತಿ ಪಿಸುಗುಟ್ಟಿದಳು.

"ಎಲ್ಲಾರೂ ಎತ್ತಿದ್ರೂ."

ಹುಸೇನಪ್ಪ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಷ್ಟು ಜನರ ಕೈಗಿಂತ ಗಟ್ಟಿಯಾದದ್ದೊಂದು ದೇಶದಲ್ಲಿ ಇದೆಯೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಯಾವುದು ಮೂಲ ಅಂತ ಹೇಳೋರು ಯಾರ್ರಿ?" ಹುಸೇನಪ್ಪ ಕೇಳಿದ.

"ಕೋರ್ಟು," ಎಂದ ಗಂಗಾಧರ. ಸಮಾನತೆಯೇ ಮೂಲವೆಂದು ಅವನಿಗೆ ಖಾತ್ರಿಯಿತ್ತು. ತನ್ನನ್ನು ಮಗನೆಂದೇ ಕರೆಯುವ ಮುದುಕಮ್ಮನ ಕಡೆ ತಿರುಗಿದ. "ಇಲ್ಲಿ ಕೋರ್ಟು ಅಂದ್ರ ಅವ್ವ. ಆಕಿ ಹೇಳಿದ್ದ ಕಡೀ ಮಾತು."

ಮುದುಕಮ್ಮ ಗೋಡೆಯನ್ನು ನೋಡಿದಳು, ಬೋರನ್ನು ನೋಡಿದಳು, ಅವನನ್ನು ನೋಡಿದಳು.

"ಬಾವಿ ಹೋತು, ಕೈಪಂಪು ಹೋತು, ಬೋರು ಬಂತು. ಎಲ್ಲಾ ಬದ್ಲಾತು. ಆದ್ರ ನೀ ಚಾವಿ ಹಿಡದ ಮ್ಯಾಲ ಒಂದ ದಿನ ನೀರು ತಪ್ಪಿಲ್ಲ. ಈ ಓಣಿಗೆ ಮೂಲ ನೀನ ಮಗನ. ನಿನ್ನ ಯಾರೂ ಮುಟ್ಟಂಗಿಲ್ಲ."

ಯಾರೂ ನಗಲಿಲ್ಲ. ಹುಸೇನಪ್ಪ ಗಂಗಾಧರನಿಗೆ ಕೈ ಮುಗಿದ. 1973ರ ಆ ತೀರ್ಪಿನ ಬಗ್ಗೆ ಗಂಗಾಧರ ವರ್ಷಗಟ್ಟಲೆ ಓದಿದ್ದ. ಅದಕ್ಕೆ ಇಷ್ಟು ಬಲವಿದೆಯೆಂದು ಈಗಲೇ ಗೊತ್ತಾದದ್ದು.

"ಲಿಂಗಸುಗೂರು ಬಸ್ಸು..." ಎಂದ ಮೆಲ್ಲಗೆ.

"ನೀರು ಬಿಟ್ಟ ಮ್ಯಾಲ ನಾನ ಆಟೊದಾಗ ಬಿಡ್ತೀನ್ರಿ."

"ನಾಳೆ ಕರೆಂಟು ಎಷ್ಟೊತ್ತಿಗೆ ಬರತೈತಿ?"

ಹುಸೇನಪ್ಪ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಭಕ್ತಿಯಿಂದ ನೋಡಿದ. "ಅದನ್ನ ಯಾರೂ ಬರದಿಲ್ಲರಿ ಸರ."