ಆರೋಪಿ ಕಂದು ಬಣ್ಣದ್ದು

ಒಂಟಿ ಹುಳಕ್ಕೆ ಬೇಸರವಾಗುತ್ತದೆಂದು ಬಾಮೈದನಿಗೆ ಅನಿಸಿದ್ದೇ ಎಲ್ಲ ಅನಾಹುತಕ್ಕೂ ಮೂಲ.

ದರ್ಜಿಗೆ ಕಡಲಹುಳುಗಳ ಹುಚ್ಚು ಹಿಡಿದು ಆರು ವರ್ಷವಾಗಿತ್ತು. ಚಿಪ್ಪು ಕಳಚಿಟ್ಟ ಬಸವನಹುಳುವಿನಂಥ ಈ ಪ್ರಾಣಿಗಳನ್ನು ಹುಡುಕುತ್ತ ಭಾನುವಾರಗಳನ್ನೆಲ್ಲ ಬಂಡೆಗಳ ನಡುವೆ ಮೊಣಕಾಲೂರಿ ಕಳೆಯುತ್ತಿದ್ದ. ಕಳೆದ ವಾರ ಉಗುರಿನಷ್ಟಗಲದ ಹಳದಿ ಹುಳವೊಂದು ಸಿಕ್ಕಿತು. ಯಾವ ಪುಸ್ತಕದಲ್ಲೂ ಇಲ್ಲದ್ದು. ಸಂಘದ ವಾರ್ಷಿಕ ಕೂಟದಲ್ಲಿ ಪರೀಕ್ಷಿಸಿ, ಹೊಸದೇ ಆಗಿದ್ದರೆ ನಿಮ್ಮ ಹೆಸರಿಡುತ್ತೇನೆ ಎಂದು ಕಡಲಹುಳು ಆಸಕ್ತರ ಸಂಘ ನಡೆಸುವ ಪ್ರೊಫೆಸರಮ್ಮ ಮಾತು ಕೊಟ್ಟರು. ಆಮೇಲೆ ದರ್ಜಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವತ್ತು ಜೊತೆಗೆ ಬಂದಿದ್ದ ಬಾಮೈದನಿಗೂ ಒಂದು ಹುಳ ಸಿಕ್ಕಿತ್ತು. ಕಂದು ಬಣ್ಣ, ಮೈತುಂಬ ಗಂಟು. ದರ್ಜಿ ಅದರತ್ತ ಸರಿಯಾಗಿ ನೋಡಲೂ ಇಲ್ಲ. ಬಾಮೈದ ಮಾತ್ರ ಅದನ್ನು ಊಟದ ಡಬ್ಬಿಯಲ್ಲಿ ಸಾಕಿಕೊಂಡು ಕೂಟಕ್ಕೂ ಹೊತ್ತು ತಂದ.

ಸಭಾಂಗಣದಲ್ಲಿ ಅರವತ್ತು ಜನ ಭೂತಗನ್ನಡಿ ಹಿಡಿದು ಗಾಜಿನ ತಟ್ಟೆಗಳ ಮೇಲೆ ಬಾಗಿದ್ದರು. ದರ್ಜಿ ಹಳದಿ ಹುಳವನ್ನು ತಟ್ಟೆಗೆ ಬಿಟ್ಟು, ಹಾಜರಿಗೆ ರುಜು ಹಾಕಿ ಬರುವಷ್ಟರಲ್ಲಿ ಅವನ ತಟ್ಟೆಯಲ್ಲಿ ಕಂದು ಹುಳವೊಂದೇ ಇತ್ತು. ಬಾಯಲ್ಲಿ ಹಳದಿ ಬಾಲದ ತುದಿ, ಸೂಜಿಯಿಂದ ಇಳಿಬಿದ್ದ ದಾರದ ಹಾಗೆ. ಅವನು ನೋಡುತ್ತಿದ್ದಂತೆಯೇ ಅದೂ ಒಳಗೆ ಹೋಯಿತು.

"ಒಂದೇ ಇತ್ತಲ್ಲ ಪಾಪ, ಜೊತೆಗಿರ್ಲಿ ಅಂತ ಬಿಟ್ಟೆ ಭಾವ," ಎಂದ ಬಾಮೈದ. "ಈಗ್ಲೂ ಜೊತೆಗೇ ಇವೆ."

ಸುತ್ತ ಜನ ಮುತ್ತಿದರು. ತಲೆಕೆಳಗಾಗಿ ಹಿಡಿಯಿರಿ ಎಂದರು ಈಜು ಕಲಿಸುವವರು. ಬಾಯಿ ಅಗಲಿಸಿ ನೋಡೋಣ ಎಂದು ಹಲ್ಲಿನ ಡಾಕ್ಟರು ಇಕ್ಕಳ ತೆಗೆದರು. ಫೋಟೋ ಇದ್ದರೂ ಸಾಕು ಎಂದರು ಮತ್ತೊಬ್ಬರು. ಇದ್ದ ಒಂದೇ ಫೋಟೋದಲ್ಲಿ ದರ್ಜಿಯ ಹೆಬ್ಬೆರಳು ಸ್ಪಷ್ಟವಾಗಿ ಮೂಡಿತ್ತು. ಕೊನೆಗೆ ಕಾರ್ಯದರ್ಶಿ, ದೂರು ಏನಿದ್ದರೂ ಬರವಣಿಗೆಯಲ್ಲಿ ಕೊಡಿ ಎಂದು ಹಾಳೆ ಚಾಚಿದರು.

ದರ್ಜಿ ಹಲ್ಲು ಕಡಿಯುತ್ತ ಬರೆಯಲು ಕೂತ. ಅಳತೆಯಲ್ಲಿ ಪಳಗಿದ ಕಣ್ಣು, ಒಂದು ಅಂಶವನ್ನೂ ಬಿಡಲಿಲ್ಲ. "ಆರೋಪಿ ಕಂದು ಬಣ್ಣದ್ದು. ಉದ್ದ ಎರಡೂವರೆ ಅಂಗುಲ. ಬೆನ್ನ ಮೇಲೆ ಹದಿನೇಳು ಗಂಟು, ಎಡಕ್ಕೆ ಒಂದು ಹೆಚ್ಚು. ಅಂಚಿಗೆ ನೀಲಿ ಚುಕ್ಕಿ, ಎರಡು ಸಾಲು, ಒತ್ತಾಗಿ. ಕೊಂಬಿನ ತುದಿ ಒಳಕ್ಕೆ ಮಡಚಿದ್ದು. ಕುತ್ತಿಗೆ ಇಲ್ಲ, ನಾಚಿಕೆಯೂ ಇಲ್ಲ."

ಪ್ರೊಫೆಸರಮ್ಮ ದೂರನ್ನು ಓದಿದರು. ಇನ್ನೊಮ್ಮೆ ಓದಿದರು. ಭೂತಗನ್ನಡಿ ಹಿಡಿದು ಗಂಟುಗಳನ್ನು ಎಣಿಸಿದರು.

"ನಿಮ್ಮ ಹಳದಿ ಹುಳ ಹೊಸದೋ ಹಳೇದೋ, ಇನ್ನು ಯಾರಿಗೂ ಗೊತ್ತಾಗಲ್ಲ," ಎಂದರು. "ಆದ್ರೆ ಇದು ಖಂಡಿತ ಹೊಸದು. ಇಷ್ಟು ಚೆನ್ನಾಗಿ ವರ್ಣನೆ ಬರೆದೋರನ್ನ ನಾನು ನೋಡಿಲ್ಲ. ವರ್ಣಿಸಿದೋರಿಗೇ ಹೆಸರಿಡೋ ಹಕ್ಕು. ಬರೀರಿ."

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ದರ್ಜಿಗೆ ಸಿಟ್ಟೆಲ್ಲ ಇಳಿದು, ಸಂತೋಷಕ್ಕೆ ಕಣ್ಣು ಮಂಜಾಯಿತು. ತನ್ನ ಹೆಸರಿನ ಮೊದಲ ಅಕ್ಷರವನ್ನು ದುಂಡಗೆ ಬರೆದ. ಪ್ರೊಫೆಸರಮ್ಮ ಮೆಲ್ಲಗೆ ಅವನ ಕೈ ಹಿಡಿದರು.

"ವರ್ಣಿಸಿದೋರು ತಮ್ಮ ಹೆಸರನ್ನೇ ಇಟ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಹುಡುಕಿದೋರ ಹೆಸರಿಡೋದು ಮರ್ಯಾದೆ. ಇದನ್ನ ಹುಡುಕಿದ್ದು ಯಾರು?"

ಆರು ವರ್ಷದಲ್ಲಿ ಹೆಸರಿಡುವ ಪ್ರಸಂಗವೇ ಬಾರದ ದರ್ಜಿಗೆ ಇದು ಗೊತ್ತಿರಲಿಲ್ಲ. ಬಾಯಿತುಂಬ ಬಿಸ್ಕತ್ತು ತುಂಬಿಕೊಂಡಿದ್ದ ಬಾಮೈದ ಕೈ ಎತ್ತಿದ.

ಅರವತ್ತು ಜನರೆದುರು ದರ್ಜಿ ಆ ಅಕ್ಷರ ಹೊಡೆದುಹಾಕಿ ಬಾಮೈದನ ಹೆಸರು ಬರೆದ. ಅಷ್ಟರಲ್ಲಿ ಸುದ್ದಿ ಮನೆ ಮುಟ್ಟಿ ಹೆಂಡತಿಯ ಫೋನು ಬಂತು. ಅವಳು ಆನಂದದಿಂದ ಅಳುತ್ತಿದ್ದಳು.

"ನನ್ನ ತಮ್ಮ ಹುಟ್ಟಾ ಬುದ್ಧಿವಂತ ಕಣ್ರೀ," ಎಂದಳು. "ಇನ್ಮೇಲಾದ್ರೂ ಭಾನುವಾರ ಅವನ ಜೊತೆ ಹೋಗಿ, ನೀವೂ ನಾಲ್ಕು ವಿಷಯ ಕಲೀರಿ."