ಸಾವಿರ ಸುಳ್ಳಿನಲ್ಲಿ ಒಂದು ಸೈಕಲ್ಲು

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಇದು ದೊಡ್ಡಸ್ತಿಕೆಯ ಮಾತಲ್ಲ. ಸುಳ್ಳು ಹೇಳುವವರು ಯಾರಿಗೆ ಏನು ಹೇಳಿದ್ದೇವೆಂದು ನೆನಪಿಟ್ಟುಕೊಳ್ಳಬೇಕು. ನನಗೆ ಒಲೆಯ ಮೇಲೆ ಹಾಲಿಟ್ಟದ್ದೇ ನೆನಪಿರುವುದಿಲ್ಲ. ಮರೆವಿನ ರೂಪದಲ್ಲಿ ಬಂದರೂ ಭಗವಂತನ ಕೃಪೆ ಕೃಪೆಯೇ. ಆದರೂ ಒಂದು ಸುಳ್ಳನ್ನು ಮಾತ್ರ ಮೂವತ್ತೊಂದು ವರ್ಷ ಸಾಕಿಕೊಂಡು ಬಂದೆ. ಅದನ್ನು ಹೇಳಿದವಳೂ ನಾನಲ್ಲ, ನನ್ನ ಸೋದರಮಾವ. ಗಂಡಿನ ಕಡೆಯವರು ಮೈಸೂರಿನ ನಮ್ಮ ಮನೆಗೆ ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟು, ಕೇಸರಿಬಾತು ಮುಗಿದು ಎಲ್ಲರೂ ಸುಮ್ಮನೆ ಕೂತಿದ್ದರು. ಮೌನವೆಂದರೆ ನಮ್ಮ ಮಾವನಿಗೆ ಆಗದು. "ಹುಡುಗಿ ಬರೀ ಅಡುಗೆಮನೆ ಗೊಂಬೆ ಅಂದ್ಕೋಬೇಡಿ. ಕಾಲೇಜಿಗೆ ದಿನಾ ಸೈಕಲ್ಲಲ್ಲೇ ಹೋಗೋದು!" ಎಂದುಬಿಟ್ಟರು. ಹೋಗುತ್ತಿದ್ದದ್ದು ನಿಜ, ಗೆಳತಿಯ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು. ನಾನು ತಲೆ ತಗ್ಗಿಸಿದ್ದೆ. ಅದನ್ನು ಎಲ್ಲರೂ ನಾಚಿಕೆ ಎಂದುಕೊಂಡರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯಿದೆಯಲ್ಲ, ನಮ್ಮ ಮನೆಯವರು ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನೂ ಮರೆತು ಇದೊಂದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡರು.

ಕೆನಡಾಕ್ಕೆ ಬಂದದ್ದು ಈ ವಿಷಯದಲ್ಲಿ ಒಳ್ಳೆಯದೇ ಆಯಿತು. ಇಲ್ಲಿ ವರ್ಷದ ಅರ್ಧ ಭಾಗ ಹಿಮ. ಸೈಕಲ್ಲಿನ ಮಾತು ಬಂದಾಗಲೆಲ್ಲ ಕಿಟಕಿಯ ಕಡೆ ಕೈ ತೋರಿಸಿದರೆ ಸಾಕಿತ್ತು. ಇನ್ನರ್ಧಕ್ಕೆ ಬಾಣಂತನ, ಮಗಳು, ಮಂಡಿನೋವು, ಒಂದಲ್ಲ ಒಂದು ಒದಗಿ ಬಂತು. ಇವರಿಗೂ ಪುರುಸೊತ್ತಿರಲಿಲ್ಲ. ರಿಚ್ಮಂಡ್ ಹಿಲ್ಲಿನ ನಮ್ಮ ಮನೆಯಿಂದ ಮಿಸ್ಸಿಸಾಗಾದ ಆಫೀಸಿಗೆ ಇಪ್ಪತ್ತಾರು ವರ್ಷ ಹೈವೇಯಲ್ಲಿ ಕಾರು ಓಡಿಸಿದರು. ಓಡಿಸಿದರು ಎನ್ನುವುದಕ್ಕಿಂತ ಕಾರಿನಲ್ಲಿ ಕೂತಿದ್ದರು ಎನ್ನಬೇಕು. ಆ ಟ್ರಾಫಿಕ್ಕಿನಲ್ಲಿ ಅವರು ವಿಷ್ಣು ಸಹಸ್ರನಾಮದ ಸಿ.ಡಿ. ಮೂರು ಸಲ ಕೇಳಿ ಮನೆಗೆ ಬಂದ ದಿನಗಳಿವೆ. ಬಂದವರು ಬೂಟು ಬಿಚ್ಚುತ್ತ ಬೈಯುತ್ತಿದ್ದ ಮಾತುಗಳಿಗೂ ಆ ಸಹಸ್ರನಾಮಕ್ಕೂ ಯಾವ ಸಂಬಂಧವೂ ಇರುತ್ತಿರಲಿಲ್ಲ.

ಅವರು ರಿಟೈರಾದ ಮೇಲಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ದೇವರಿಗೆ ದೀಪ ಹಚ್ಚುತ್ತಿದ್ದೆ. ಲ್ಯಾಪ್‌ಟಾಪ್ ಹಿಡಿದುಕೊಂಡು ದೇವರಮನೆಯ ಬಾಗಿಲಿಗೇ ಬಂದರು.

"ನೋಡೇ ಶಾರದಾ, ಫ್ರಾನ್ಸಿನ ಹಳ್ಳಿ ಕಡೆ ಕಾಲುವೆ ಇದು. ಹಿಂದೆ ಕುದುರೆಗಳು ದಂಡೆ ಮೇಲೆ ನಡ್ಕೊಂಡು ದೋಣಿ ಎಳೀತಿದ್ವಂತೆ. ಈಗ ಆ ದಾರೀನ ಸೈಕಲ್ಲಿಗೆ ಬಿಟ್ಟಿದ್ದಾರೆ. ಒಂದು ಕಾರಿಲ್ಲ, ಒಂದು ಟ್ರಕ್ಕಿಲ್ಲ, ಒಂದು ಸಿಗ್ನಲ್ಲಿಲ್ಲ!"

"ಮತ್ತೇನಿದೆ ರೀ?"

"ನೀರಿದೆ, ಮರ ಇದೆ."

"ಅಷ್ಟಕ್ಕೆ ಫ್ರಾನ್ಸಿಗ್ಯಾಕೆ? ನಮ್ಮ ಬ್ಯಾಕ್‌ಯಾರ್ಡಲ್ಲಿ ಮರ ಇದೆ, ಬೇಸ್‌ಮೆಂಟಲ್ಲಿ ಆಗಾಗ ನೀರೂ ಬರುತ್ತೆ."

ಅವರು ನಗಲಿಲ್ಲ. "ಬುಕ್ ಮಾಡಿಬಿಟ್ಟೆ ಕಣೇ. ಜೂನಲ್ಲಿ, ಆರು ದಿನ. ನಾನೇನೋ ತಿಣುಕ್ತೀನಿ. ನಿನಗೇನು, ಚಿಕ್ಕಂದಿನಿಂದ ತುಳಿದವಳು," ಎಂದರು. ಅವರ ಮುಖದಲ್ಲಿದ್ದ ಸಂತೋಷ ನೋಡುತ್ತ ನಿಂತೆ. ಕೈಯಲ್ಲಿದ್ದ ಬೆಂಕಿಕಡ್ಡಿ ಉರಿದು ಬೆರಳು ಸುಟ್ಟಿತು. ನಿಜ ಹೇಳಿದರೆ ಅವರ ಪ್ರವಾಸ ಕೆಡುತ್ತದೆ. ಜೊತೆಗೆ ಮೂವತ್ತೊಂದು ವರ್ಷ ಹೆಂಡತಿಯ ಬಗ್ಗೆ ಅವರು ಪಟ್ಟುಕೊಂಡು ಬಂದ ಒಂದೇ ಒಂದು ಹೆಮ್ಮೆಯೂ ಹೋಗುತ್ತದೆ. ನನ್ನ ಅಡುಗೆಯನ್ನು ಅವರು ಇಲ್ಲಿಯವರೆಗೆ ಹೊಗಳಿದವರಲ್ಲ.

ಸ್ಕಾರ್‌ಬರೋದಲ್ಲಿರುವ ನಮ್ಮ ಮಗಳು ಅನು ನರ್ಸು. ಶಿಫ್ಟಿನ ಕೆಲಸವಾದ್ದರಿಂದ ವಾರದ ನಡುವೆ ರಜ ಸಿಗುತ್ತದೆ. ಅವಳಿಗೆ ಫೋನ್ ಮಾಡಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡು, ವಿಷಯ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಬರೀ ನಗು. "ಓ ಮೈ ಗಾಡ್ ಅಮ್ಮಾ, ಯೂ ಲೈಡ್ ಟು ಡ್ಯಾಡ್ ಫಾರ್ ಥರ್ಟಿ ಇಯರ್ಸ್? ಯೂ? ಮಡಿ ಗಿಡಿ ಎಲ್ಲಾ ಮಾಡೋ ನೀನು?"

ಏಪ್ರಿಲ್ ಕೊನೆಗೆ ಹಿಮ ಕರಗಿತು. ಇವರು ಪ್ರವಾಸಕ್ಕೆ ಮೈ ಗಟ್ಟಿ ಮಾಡಿಕೊಳ್ಳಲು ಜಿಮ್ಮಿಗೆ ಹೋದೊಡನೆ ಅನು ನನ್ನನ್ನೂ ಒಂದು ಸೈಕಲ್ಲನ್ನೂ ಕಾರಿಗೆ ಹಾಕಿಕೊಂಡು ಕ್ಲೈನ್‌ಬರ್ಗಿನ ಕಡೆ ಹೊಳೆಯ ಪಕ್ಕದ ದಾರಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಕನ್ನಡದವರು ಓಡಾಡುವುದು ಕಡಿಮೆ. ಅದು ದೇವರ ಒಂದು ದಯೆ. ಇದ್ದರೂ ಹೆಲ್ಮೆಟ್ಟಿನೊಳಗೆ ನನ್ನ ಗುರುತು ಸಿಗುವುದಿಲ್ಲ, ಅದು ಇನ್ನೊಂದು. ಆದರೆ ಯಾವ ದೇವರನ್ನು ನೆನೆದು ಹತ್ತಬೇಕೆಂಬುದೇ ತಿಳಿಯಲಿಲ್ಲ. ಈಶ್ವರನಿಗೆ ಎತ್ತು, ಗಣಪತಿಗೆ ಇಲಿ, ವಿಷ್ಣುವಿಗೆ ಗರುಡ. ಕಾಲೋ ರೆಕ್ಕೆಯೋ ಇರುವ, ನಿಂತರೆ ಬೀಳದ ವಾಹನವನ್ನೇ ಎಲ್ಲರೂ ಆರಿಸಿಕೊಂಡಿದ್ದಾರೆ. ಎರಡು ಚಕ್ರದ ಮೇಲೆ ಕೂತ ದೇವರು ಒಬ್ಬನೂ ಇಲ್ಲ. ಕಡೆಗೆ ಇಲಿಯ ಮೇಲೆ ಅಷ್ಟು ದೊಡ್ಡ ಹೊಟ್ಟೆ ಹೊತ್ತು ಬೀಳದೆ ಕೂತವನೇ ಸರಿಯೆಂದು ಗಣಪತಿಗೆ ಹರಕೆ ಹೊತ್ತೆ.

"ಲುಕ್ ಅಪ್ ಅಮ್ಮಾ! ವ್ಹೀಲ್ ನೋಡ್ಬೇಡ!" ಎಂದು ಕೂಗುತ್ತ ಅವಳು ಹಿಂದೆ ಓಡುವಳು. ಎರಡು ಸಲ ಹುಲ್ಲಿನಲ್ಲಿ ಬಿದ್ದೆ, ಒಂದು ಸಲ ಬಾತುಗಳ ಸಂಸಾರದ ನಡುವೆ. ಆರು ವಾರದಲ್ಲಿ ನೆಟ್ಟಗೆ ಹೋಗುವುದನ್ನು ಕಲಿತೆ, ಬ್ರೇಕು ಹಿಡಿದು ಇಳಿಯುವುದನ್ನೂ ಕಲಿತೆ. ಹತ್ತುವುದು ಮಾತ್ರ ಬರಲಿಲ್ಲ. ಒಂದು ಕಾಲಿಡಲು ಮೊಳದೆತ್ತರದ ಕಲ್ಲೋ ಕಟ್ಟೆಯೋ ಇದ್ದರೆ ಹತ್ತುತ್ತಿದ್ದೆ; ಸಪಾಟು ನೆಲದಿಂದ ಜಪ್ಪಯ್ಯ ಎಂದರೂ ಆಗುತ್ತಿರಲಿಲ್ಲ. "ಸೋ ಡೋಂಟ್ ಸ್ಟಾಪ್," ಎಂದಳು ಅನು. ಅವಳಿಗೆ ಅಂದು ನೈಟ್ ಶಿಫ್ಟಿತ್ತು.

ಜೂನಿನಲ್ಲಿ ಹೋದೆವು. ನಾನು ಚೂಡಿದಾರ ಹಾಕಿ, ಬುಟ್ಟಿಯಲ್ಲಿ ಕೋಡುಬಳೆಯ ಡಬ್ಬಿ ಇಟ್ಟುಕೊಂಡು, ಹೋಟೆಲಿನ ಮೆಟ್ಟಿಲ ಮೇಲೆ ಕಾಲೂರಿ ಹೊರಟೆ. ಇವರು ಹೇಳಿದ್ದರಲ್ಲಿ ಏನೂ ಹೆಚ್ಚಿರಲಿಲ್ಲ. ಎಡಕ್ಕೆ ಹಸಿರು ನೀರು, ಬಲಕ್ಕೆ ಸಾಲುಮರ, ನಡುವೆ ಬಾಚಿದ ಬೈತಲೆಯಂಥ ದಾರಿ. ಎಲ್ಲೋ ದೂರದಲ್ಲಿ ದನಗಳು. ಹಾರನ್ನಿನ ಸದ್ದೇ ಇಲ್ಲ. ನದಿಗೆ ಸೊಟ್ಟಗೆ ಬಳುಕುವ ಗುಣ. ಕಾಲುವೆಯನ್ನು ಮನುಷ್ಯರು ತೋಡಿದ್ದರಿಂದ ಬಹುಪಾಲು ನೆಟ್ಟಗಿತ್ತು. ತಿರುಗಿಸಲು ಹೆದರುವ ನನ್ನಂಥವಳಿಗೆ ಅದೂ ಒಂದು ಕೃಪೆ. ನಡುನಡುವೆ ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಹತ್ತಿಸಿ ಇಳಿಸುವ ನೀರಿನ ಬಾಗಿಲುಗಳಿದ್ದವು. ಪ್ರತಿ ಬಾಗಿಲಿನ ಬಳಿ ಕಾವಲಿನವರ ಪುಟ್ಟ ಮನೆ, ಹುರುಳಿಕಾಯಿ ಬಳ್ಳಿ, ಗುಲಾಬಿ, ಮತ್ತು ನನ್ನ ಪುಣ್ಯಕ್ಕೆ ಮೊಳದೆತ್ತರದ ಕಲ್ಲುಕಟ್ಟೆ! ಅಲ್ಲಿ ಮಾತ್ರ ನಾನು ಇಳಿಯುತ್ತಿದ್ದೆ. ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ. ನಿಂತರೆ ಹತ್ತುವವರು ಯಾರು?

ಇವರಿಗೋ ಹತ್ತು ನಿಮಿಷಕ್ಕೊಮ್ಮೆ ನಿಲ್ಲಬೇಕು. ಬಾತು ಕಂಡರೆ ಫೋಟೋ, ಬೇಕರಿ ಕಂಡರೆ ಹಸಿವು. "ಲೇ, ನಿಲ್ಲೇ! ಸ್ವಲ್ಪ ನೀರು ಕುಡಿಯೋಣ!" ಎಂದು ಹಿಂದಿನಿಂದ ಕೂಗುವರು. ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿ ಮುಂದೆ ಹೋಗುವೆ. ಮುಂದಿನ ಕಟ್ಟೆಯ ಬಳಿ ಅವರು ಬಂದು ಸೇರುವ ಹೊತ್ತಿಗೆ ನನ್ನ ಹನುಮಾನ್ ಚಾಲೀಸ ಎರಡು ಸಲ ಮುಗಿದಿರುತ್ತಿತ್ತು. ಅವರು ಏದುಸಿರು ಬಿಡುತ್ತ, "ನಿಮ್ಮ ಮಾವ ಹೇಳಿದ್ದು ಕಮ್ಮೀನೇ ಆಯ್ತು ಕಣೇ. ನೀನು ಕುದುರೆ!" ಎಂದರು. ನನಗೆ ಸಂತೋಷವಾಗಲಿಲ್ಲ ಎಂದರೆ ಅದೂ ಸುಳ್ಳಾದೀತು.

ನಾಲ್ಕನೆಯ ದಿನ ಮಾತ್ರ ಮನಸ್ಸು ಕೆಟ್ಟಿತು. ಒಂದು ನೀರುಬಾಗಿಲಿನ ಪಕ್ಕ ಪುಟ್ಟ ಚರ್ಚು. ದೇವರು ಯಾರವನಾದರೇನು, ಕೈ ಮುಗಿದು ಬರೋಣವೆಂದು ಒಳಗೆ ಹೋದೆ. ಒಂದು ಮೇಣದ ಬತ್ತಿ ಹಚ್ಚಿ ಕಣ್ಣು ಮುಚ್ಚಿದರೆ ಕಂಡದ್ದು ದೇವರಲ್ಲ, ನನ್ನ ಸೋದರಮಾವ! ಹೊರಗೆ ಬಂದಾಗ ಇವರು ಕಟ್ಟೆಯ ಮೇಲೆ ಕೂತು ಮಂಡಿಗೆ ನೋವಿನ ಮುಲಾಮು ಉಜ್ಜಿಕೊಳ್ಳುತ್ತಿದ್ದರು. ನನ್ನನ್ನು ಹಿಡಿಯಲು ಹೋಗಿ ಮಂಡಿ ಊದಿತ್ತು. ಇನ್ನು ತಡೆಯಲಾಗಲಿಲ್ಲ.

"ರೀ, ನನಗೆ ಸೈಕಲ್ ಬರ್ತಾನೇ ಇರ್ಲಿಲ್ಲ. ಮಾವ ಹೇಳಿದ್ದು ಸುಳ್ಳು. ಈಗ ಆರು ವಾರದಲ್ಲಿ ಅನು ಕಲಿಸಿದ್ದು."

ಅವರು ಮುಲಾಮಿನ ಕೈ ಹಾಗೇ ಇಟ್ಟುಕೊಂಡು ನನ್ನನ್ನೇ ನೋಡಿದರು. ಅವರ ಕಣ್ಣು ಒದ್ದೆಯಾಯಿತು. ಮುಲಾಮಿನ ಘಾಟೋ ಏನೋ.

"ಎಂಥ ಮನಸ್ಸೇ ನಿಂದು! ನಾನು ಹಿಂದೆ ಬಿದ್ದೆ ಅಂತ ನನಗೆ ಬೇಜಾರಾಗ್ಬಾರ್ದು ಅಂತ ಹೀಗೆ ಹೇಳ್ತೀಯಲ್ಲ."

"ಅಯ್ಯೋ, ದೇವರಾಣೆಗೂ ನಿಜ ರೀ!"

"ದೇವರ ಮೇಲೆ ಬೇರೆ ಆಣೆ ಇಡ್ತೀಯಾ? ನನಗೋಸ್ಕರ ಪಾಪ ಕಟ್ಕೋಬೇಡ ಕಣೇ."

ಅಲ್ಲಿಂದಲೇ ಅನುವಿಗೆ ಫೋನ್ ಹಚ್ಚಿಕೊಟ್ಟೆ. ಕೊಟ್ಟ ಮಾತಿಗೆ ಅವಳು ತಪ್ಪುವವಳೇ? "ಅಮ್ಮಾ? ಶೀ ಈಸ್ ಎ ನ್ಯಾಚುರಲ್, ಡ್ಯಾಡ್. ನಾನೇನು ಕಲಿಸ್ಲಿ ಅವಳಿಗೆ?" ಎಂದು ಕಟ್ ಮಾಡಿದಳು. ಉಳಿದ ಎರಡು ದಿನ ಅವರ ಮಂಡಿಯ ನೆಪದಲ್ಲಿ ಮೆಲ್ಲಗೆ ಹೋದೆವು. ಪ್ರತಿ ಸಲವೂ ಅವರೇ ನನ್ನ ಸೈಕಲ್ಲು ಹಿಡಿದು ಹತ್ತಿಸಿದರು, ಅಷ್ಟು ಗೌರವ!

ಹರಕೆ ತೀರಿಸಲು ರಿಚ್ಮಂಡ್ ಹಿಲ್ಲಿನ ದೇವಸ್ಥಾನಕ್ಕೆ ಹೋದ ದಿನ ಪ್ರಸಾದದ ಸಾಲಿನಲ್ಲಿ ಇವರು ಸುಮ್ಮನಿರಬೇಕಲ್ಲ. ಕಾಲುವೆಯ ಕಥೆಯೆಲ್ಲ ಹೇಳಿ, "ನನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ತನಗೆ ಬರೋದೇ ಇಲ್ಲ ಅಂದ್ಲು!" ಎಂದು ಸೇರಿಸಿದರು. ಭಜನೆ ಮಂಡಳಿಯ ಒಂಬತ್ತು ಜನ ಹೆಂಗಸರು ಅಲ್ಲೇ ನನ್ನನ್ನು ಸುತ್ತುವರಿದರು. ಶನಿವಾರ ಬೆಳಿಗ್ಗೆ ಅವರಿಗೆಲ್ಲ ನಾನು ಸೈಕಲ್ ಕಲಿಸಬೇಕಂತೆ. "ನನಗೆ ನೆಟ್ಟಗೆ ಹತ್ತೋಕೂ ಬರೋಲ್ಲಮ್ಮ," ಎಂದೆ, ಆಣೆಗೂ ನಿಜವನ್ನೇ. ಹಿರಿಯರೊಬ್ಬರು ನನ್ನ ಗಲ್ಲ ಸವರಿ, "ನೋಡಿ, ಎಷ್ಟು ವಿನಯ! ಈಗಿನ ಕಾಲದಲ್ಲಿ ಇಂಥವರು ಎಲ್ಲಿ ಸಿಗ್ತಾರೆ?" ಎಂದರು. ಅಂದಿನಿಂದ ಈ ವಿಷಯದಲ್ಲಿ ನಿಜ ಹೇಳುವುದನ್ನು ಬಿಟ್ಟಿದ್ದೇನೆ. ಹೇಳಿದಷ್ಟೂ ಹೊಗಳಿಕೆ ಹೆಚ್ಚುತ್ತದೆ. ಅದರಿಂದ ಅಹಂಕಾರ ಬಂದರೆ ಅದು ಸುಳ್ಳಿಗಿಂತ ದೊಡ್ಡ ಪಾಪವಂತೆ.